ನಡೆದ ಕಾಲು, ಎತ್ತಲಾರದ ತೋಳು

ಅಂಚೆಯಣ್ಣ ಮೂವತ್ತೆಂಟು ವರ್ಷ ಮನೆಮನೆಗೆ ಕಾಗದ ಹಂಚಿದವನು. ನಿವೃತ್ತಿಯ ಮೇಲೂ ಬೆಳಗಿನ ಐದು ಮೈಲಿ ನಡಿಗೆ ತಪ್ಪಿಸಿದವನಲ್ಲ. ಎಪ್ಪತ್ತೆರಡಾದರೂ ಬಿಪಿ, ಶುಗರ್ ಹತ್ತಿರ ಸುಳಿದಿರಲಿಲ್ಲ. “ಸರ್ಕಾರ ಪಳಗಿಸಿದ ಕಾಲು ಕಣ್ರೀ, ಸವೆಯೋದಿಲ್ಲ” ಎಂದು ಓಣಿಯವರನ್ನು ರೇಗಿಸುತ್ತಿದ್ದ.

ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದವಳನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ದಿನಕ್ಕೆ ಆರು ಸಲ ದಾಟಿಸಬೇಕು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಮಗಳು ರಜೆ ಹಾಕಿ ಅದನ್ನು ಮಾಡುತ್ತಿದ್ದಳು.

“ಮುಂದಿನ ವಾರ ಭಾನುವಾರಕ್ಕೆ ರಜೆ ಮುಗಿಯುತ್ತಪ್ಪಾ. ನೀನೊಬ್ಬನೇ ಎತ್ತಿದ್ರೆ ಅಮ್ಮ ಇಲ್ಲೇ ಇರ್ತಾಳೆ. ಇಲ್ದಿದ್ರೆ ಆರೈಕೆ ಕೇಂದ್ರಕ್ಕೆ ಸೇರಿಸ್ಲೇಬೇಕು.”

“ಎತ್ತದೆ ಏನು? ಹೂವಿನ ಹಾಗಿದ್ದಾಳೆ.”

ಎತ್ತಲು ಹೋದ. ತೊಡೆ ನಡುಗಿತು, ತೋಳು ಕೈಕೊಟ್ಟಿತು, ಇಬ್ಬರೂ ಮಂಚದ ಮೇಲೆ ಉರುಳಿದರು.

“ಹೂವು ಭಾರ ಆಯ್ತೇನ್ರೀ!” ನೋವಲ್ಲೂ ಅವಳು ನಕ್ಕಳು.

ವ್ಯಾಯಾಮ ಹೇಳಿಕೊಡಲು ಬಂದ ಫಿಸಿಯೋಥೆರಪಿಸ್ಟ್ ಹುಡುಗಿ ಮುಚ್ಚುಮರೆ ಮಾಡಲಿಲ್ಲ. “ತಾತಾ, ನಡೆದಿದ್ದಕ್ಕೇ ನಿಮ್ಮ ಎದೆ ಗಟ್ಟಿಯಾಗಿದೆ. ಎತ್ತೋ ಬಲ ಬೇರೆ. ಅದು ಭಾರ ಎತ್ತಿ, ಕೂತು ಎದ್ದು ಮಾಡಿದ್ರೇ ಬರೋದು. ಬೀಳದ ಹಾಗೆ ನಿಲ್ಲೋ ಅಭ್ಯಾಸ ಇನ್ನೊಂದು. ಅಜ್ಜಿ ಅದನ್ನ ಮಾಡಿದ್ರೆ ಜಾರಿದಾಗ ಸಾವರಿಸಿಕೊಳ್ತಿದ್ರೋ ಏನೋ.”

“ಈಗ ಶುರು ಮಾಡಿದ್ರೆ?”

“ಈ ವಯಸ್ಸಲ್ಲೂ ಬಲ ಬರುತ್ತೆ. ಎರಡು ಮೂರು ತಿಂಗಳು ಬೇಕು.”

“ನನ್ಹತ್ರ ಒಂಬತ್ತು ದಿನ ಇದೆಯಮ್ಮಾ.”

ಆಸ್ಪತ್ರೆಯ ಗೋಡೆ ತುಂಬ ‘ದಿನಾ ನಡೆಯಿರಿ’ ಎಂದು ಬರೆಸಿದವರಿಗೆ ಇನ್ನೆರಡು ಸಾಲು ಬರೆಸಲು ಬಣ್ಣ ಸಾಲಲಿಲ್ಲವೇ? ಮುದುಕರಿಗೆ ಇಷ್ಟು ಸಾಕು ಎಂದು ತೀರ್ಮಾನಿಸಿದ ಪುಣ್ಯಾತ್ಮ ಯಾರು? ಹೇಳಿದ್ದನ್ನು ಈತ ಚಾಚೂ ತಪ್ಪದೆ ಮಾಡಿದ್ದನಲ್ಲ!

ದಿನ ಬಿಟ್ಟು ದಿನ ಮಾಡಿ ಎಂದಿದ್ದಳು ಫಿಸಿಯೋಥೆರಪಿಸ್ಟ್. ಈತ ಎರಡು ಹೊತ್ತೂ ಮಾಡಿದ. ಕೈಯೂರದೆ ಕುರ್ಚಿಯಿಂದ ಎದ್ದ, ಕೂತ. ನೀರಿನ ಬಕೆಟ್ ಎತ್ತಿದ, ಇಳಿಸಿದ. ಐದನೇ ದಿನಕ್ಕೆ ಅಂಗಿಯ ಗುಂಡಿ ಹಾಕಲೂ ತೋಳು ಏಳದಾಯಿತು.

ಶನಿವಾರ ಸಂಜೆ ಮಗಳ ಎದುರು ಎತ್ತಿದ. ಹೆಂಡತಿ ಕುತ್ತಿಗೆಗೆ ಕೈ ಹಾಕಿದ್ದಳು. ಮಂಚದಿಂದ ಒಂದು ಗೇಣು ಮೇಲೆ ಬಂದಳು.

“ಬಿಡಿ” ಎಂದಳು.

“ಇರೇ, ಬಂತು...”

“ನಡುಗ್ತಿದೀರಿ. ಬಿಡಿ ಅಂದೆ. ನೀವೂ ಬಿದ್ರೆ ಆ ಕೇಂದ್ರಕ್ಕೆ ನನ್ನ ನೋಡೋಕೆ ಯಾರು ಬರ್ತಾರೆ?”

ಇಳಿಸುವುದಕ್ಕೂ ಬಲ ಬೇಕು. ಮಗಳು ಬಂದು ಬೆನ್ನಿಗೆ ಕೈಕೊಟ್ಟು ಅಮ್ಮನನ್ನು ಮಲಗಿಸಿದಳು. ಆಮೇಲೆ ಇಬ್ಬರ ಮುಖವನ್ನೂ ನೋಡದೆ, ಅಮ್ಮನ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು.