ಖಾಲಿ ಮಂಚದ ನಕ್ಷತ್ರ

ಸಕ್ಕರೆ ಕಾಯಿಲೆಯ ಮಕ್ಕಳಿಗೆಂದು ಬೇಸಿಗೆ ರಜೆಯಲ್ಲಿ ಹತ್ತು ದಿನದ ಶಿಬಿರ ನಡೆಯುತ್ತಿದ್ದ ಶಾಲೆಯ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು ಸೋಪಜ್ಜಿ. ಮಕ್ಕಳೇ ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಅವಳದು ಅದೇ ಕೆಲಸ, ಅದೇ ಕಲ್ಲು. ಸಕ್ಕರೆ ಏರಿದ ರಾತ್ರಿ ಈ ಮಕ್ಕಳಿಗೆ ವಿಪರೀತ ಬಾಯಾರಿಕೆ. ಕುಡಿದದ್ದು ನಿದ್ದೆಯಲ್ಲೇ ಹಾಸಿಗೆ ಪಾಲಾಗುವುದೂ ಉಂಟು. ಅದಕ್ಕೇ ಅಜ್ಜಿ ಬೆಳಿಗ್ಗೆ ಇಪ್ಪತ್ತೆರಡು ಮಂಚದ ಬೆಡ್‌ಶೀಟುಗಳನ್ನೂ ಎಳೆದು ಒಂದೇ ತೊಟ್ಟಿಗೆ ಅದ್ದುತ್ತಿದ್ದಳು, ಒದ್ದೆಯಾಗಿರಲಿ, ಬಿಡಲಿ. ಒದ್ದೆಯಾದ ಮಂಚದ ನಂಬರನ್ನು ನರ್ಸಕ್ಕನ ಕಿವಿಯಲ್ಲಷ್ಟೇ ಹೇಳುತ್ತಿದ್ದಳು. ನರ್ಸಕ್ಕ ಆ ಮಗುವಿನ ಸಕ್ಕರೆ ನೋಡಿ ಇನ್ಸುಲಿನ್ ಸರಿಪಡಿಸುತ್ತಿದ್ದಳು. ಮೂರನೆಯವರಿಗೆ ಸುದ್ದಿಯೇ ಇಲ್ಲ.

ಆ ವರ್ಷ ಹೊಸ ವ್ಯವಸ್ಥಾಪಕರು ಬಂದರು. ತೊಟ್ಟಿಯ ಬಳಿ ಮೂಗಿಗೆ ಕರವಸ್ತ್ರ ಹಿಡಿದು ನಿಂತರು.

"ಎಲ್ಲಾನೂ ಯಾಕಜ್ಜಿ ಒಗೀತೀರಾ? ನೀರೇನು ನಿಮ್ಮಪ್ಪನ ಮನೇದಾ?"

"ನಮ್ಮಪ್ಪನ ಮನೇಲಿ ನಲ್ಲೀನೇ ಇರ್ಲಿಲ್ಲ ಸಾರ್."

ಅಂದೇ ಊಟದ ಕೋಣೆಯ ಗೋಡೆಗೆ ಒಂದು ಪಟ್ಟಿ ಬಂತು. ಎಡಕ್ಕೆ ಮಂಚದ ನಂಬರುಗಳು, ಮೇಲೆ ದಿನಾಂಕಗಳು. ಒಣಗಿದ ಹಾಸಿಗೆಗೆ ಬಂಗಾರದ ನಕ್ಷತ್ರ, ಒದ್ದೆಯಾದದ್ದಕ್ಕೆ ನೀಲಿ ಚುಕ್ಕೆ. ಭಾನುವಾರ ದಾನಿಗಳು ಬಂದಾಗ, ಚುಕ್ಕೆ ಬಿದ್ದ ಮೇಲೆ ಸುಧಾರಿಸಿ ಹೆಚ್ಚು ನಕ್ಷತ್ರ ಗಳಿಸಿದ ಮಗುವಿಗೆ ಬಹುಮಾನ. ಈಗಲೂ ಅದನ್ನು ನೆನೆದರೆ ಹೇಸಿಗೆಯಾಗುತ್ತದೆ. ಸ್ಕೇಲಿಟ್ಟು ಗೆರೆ ಎಳೆದು ಅದನ್ನು ಬರೆದಿದ್ದು, ಶಿಬಿರಕ್ಕೆ ಸ್ವಯಂಸೇವೆಗೆಂದು ಬಂದಿದ್ದ ನಾನೇ. ಅಕ್ಷರ ದುಂಡಗಿದೆಯೆಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲ ಬೆಳಿಗ್ಗೆಯೇ ಒಂಬತ್ತನೇ ಮಂಚದ ಹುಡುಗಿಗೆ ಚುಕ್ಕೆ ಬಿತ್ತು. ಎಂಟು ವರ್ಷದ, ಕಡ್ಡಿಯಂಥ ಮೈಯ ಅವಳನ್ನು ಅಜ್ಜಿ ಗುಬ್ಬಿ ಎನ್ನುತ್ತಿದ್ದಳು. ತಿಂಡಿಯ ಹೊತ್ತಿಗೆ ಅವಳ ಹೆಸರು 'ನಲ್ಲಿ' ಎಂದಾಗಿತ್ತು. ಮಕ್ಕಳು ನಕ್ಕರು. ವ್ಯವಸ್ಥಾಪಕರೂ ನಕ್ಕರು.

"ತಮಾಷೆ ಮಾಡಿದ್ರೆ ಬೇಗ ಕಲೀತಾರೆ," ಎಂದರು ನನಗೆ.

ಗುಬ್ಬಿ ಕಲಿತಳು. ಮುಂದಿನ ಎರಡು ಬೆಳಿಗ್ಗೆ ಅವಳ ಹಾಸಿಗೆ ಒಣಗಿತ್ತು. ಸಕ್ಕರೆ ಮಾತ್ರ ಇಳಿದಿರಲಿಲ್ಲ. ನೀರು ಚೆನ್ನಾಗಿ ಕುಡಿ ಎಂದು ನರ್ಸಕ್ಕ ಹೇಳಿದಾಗಲೆಲ್ಲ ಅವಳು ಬಾಟಲಿಯನ್ನು ತುಟಿಗೆ ತಾಗಿಸಿ ತಲೆಯಾಡಿಸುತ್ತಿದ್ದಳು. ನಾನು ಎರಡು ನಕ್ಷತ್ರ ಅಂಟಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ದಿನವೇ ಅಜ್ಜಿ ದಿಂಬಿನ ಚೀಲ ತೆಗೆಯಲು ಹೋದಾಗ ಗುಬ್ಬಿ ಮತ್ತೆ ಹೋಗಿ ಮಲಗಿದ್ದಳು. ತುಟಿ ಒಡೆದಿತ್ತು. ಉಸಿರಿನಲ್ಲಿ, ಸಕ್ಕರೆ ಮಿತಿಮೀರಿದಾಗ ಬರುವ ಕೊಳೆತ ಹಣ್ಣಿನ ವಾಸನೆ. ಬಾಟಲಿ ಕತ್ತಿನವರೆಗೂ ತುಂಬಿತ್ತು.

"ನರ್ಸಕ್ಕಾ! ಈ ಮಗು ನೀರೇ ಮುಟ್ಟಿಲ್ಲ, ಓಡಿ ಬಾ!"

ಆಂಬುಲೆನ್ಸ್ ಕರೆಸುವಾಗ ವ್ಯವಸ್ಥಾಪಕರು ಗೊಣಗಿದರು: "ದಾನಿಗಳು ಬರೋ ಟೈಮಲ್ಲಿ ಇದೆಲ್ಲಾ ಬೇಕಿತ್ತಾ? ಅವಳು ಚೆನ್ನಾಗೇ ಇದ್ಲಲ್ಲ, ಸ್ಟಾರ್ ಬಂದಿತ್ತಲ್ಲ!"

"ನಿಮ್ಮ ಸ್ಟಾರ್ ನೆಕ್ಕಿ ಬದುಕತ್ತಾ ಸಾರ್, ಮಗು?" ಎಂದು ಅಜ್ಜಿ ಗಾಡಿ ಹತ್ತಿದಳು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಜೀವಕ್ಕೆ ಅಪಾಯವಿಲ್ಲ ಎಂದು ಸಂಜೆಯ ವೇಳೆಗೆ ಗೊತ್ತಾಯಿತು. ಮೈಗೆ ನೀರು ಸೇರಿದ ಮೇಲೆ ಗುಬ್ಬಿ ಹಾಸಿಗೆ ಒದ್ದೆ ಮಾಡಿಕೊಂಡು, ಸೂಜಿ ಚುಚ್ಚಿದ್ದ ಕೈಯಿಂದಲೇ ಮುಖ ಮುಚ್ಚಿ ಬೇಡಿಕೊಂಡಳಂತೆ: "ಅಜ್ಜಿ, ಚುಕ್ಕೆ ಹಾಕ್ಬೇಡಿ ಅಂತ ಹೇಳಿ." ಮರಳಿ ಬಂದ ಅಜ್ಜಿ ಇದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಭಾನುವಾರ ದಾನಿಗಳು ಬಂದರು. ಮುಖ್ಯ ದಾನಿ ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿದರು. "ನಂಬರ್ ಒಂಬತ್ತು ಫಸ್ಟ್! ಎಲ್ಲಿ ಆ ಜಾಣೆ?"

ಅವಳು ಆಸ್ಪತ್ರೆಯಲ್ಲಿದ್ದ ಎರಡು ರಾತ್ರಿಯೂ ಮಂಚ ಒಣಗಿತ್ತು. ಸಾಲು ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು ವ್ಯವಸ್ಥಾಪಕರು ಹೇಳಿದ್ದರು. ನಾನು ಅಂಟಿಸಿದ್ದೆ.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಬಂದಳು. "ಅದು ಆಸ್ಪತ್ರೇಲಿದೆ ತಾಯಿ. ಇವರು ಖಾಲಿ ಮಂಚಕ್ಕೂ ನಕ್ಷತ್ರ ಕೊಟ್ಟಿದ್ದಾರೆ."

"ಅಜ್ಜಿಗೆ ವಯಸ್ಸಾಯ್ತು ಮೇಡಂ," ವ್ಯವಸ್ಥಾಪಕರು ನಕ್ಕರು.

"ಅಜ್ಜಿ ಹೇಳಿದ್ದು ನಿಜ," ಎಂದೆ. "ಅಂಟಿಸಿದ್ದು ನಾನು."

ಮೇಡಂ ಹಿಂದಕ್ಕೆ ತಿರುಗಿ ನೋಡಿದರು. ಫೋಟೊದವನು ಕ್ಯಾಮೆರಾ ಹಿಡಿದು ಕಾಯುತ್ತಿದ್ದ. "ಅಯ್ಯೋ ಪಾಪ," ಎಂದರು. "ಹಾಗಾದ್ರೆ ಸೆಕೆಂಡ್ ಯಾರು?"

ವ್ಯವಸ್ಥಾಪಕರು ಆಗಲೇ ಹದಿನೇಳನೇ ಮಂಚದ ಹುಡುಗಿಯ ಬೆನ್ನು ಹಿಡಿದು ಮುಂದಕ್ಕೆ ತಳ್ಳಿದ್ದರು. ಅವಳ ತುಟಿಯೂ ಬಿರಿದಿತ್ತು. ಕೊರಳಿಗೆ ನೇತುಹಾಕಿಕೊಂಡಿದ್ದ ಬಾಟಲಿಯೂ ಕತ್ತಿನವರೆಗೆ ತುಂಬಿತ್ತು.

ಅಜ್ಜಿ ಗೋಡೆಯ ಪಟ್ಟಿಯನ್ನು ಮೊಳೆಸಮೇತ ಕಿತ್ತಳು. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಆ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ಹುಡುಗಿಯ ಬಾಯಿಗೆ ಹಿಡಿದಳು.

"ಮೊದ್ಲು ಕುಡಿ, ನನ್ ಕಂದ. ಒಗೆಯೋಕೆ ನಾನಿದ್ದೀನಿ."

ಹುಡುಗಿ ವ್ಯವಸ್ಥಾಪಕರ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಉಸಿರು ಬಿಡದೆ ಕುಡಿಯತೊಡಗಿದಳು. ಹಿಂದಿನ ಬೆಂಚಿನಲ್ಲಿ ಇನ್ನೊಂದು ಮುಚ್ಚಳ ತೆರೆದ ಸದ್ದು ಕೇಳಿಸಿತು.