ನಾಲ್ಕನೆಯ ಟ್ರಾಲಿ

ಬಸಲಿಂಗಯ್ಯ ಮಾಸ್ತರನನ್ನು ಹೊಗಳಲು ನಾನು ಕೂತಿಲ್ಲ. ತಿಕೋಟಾ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಬಾಯಿ ಹೊಲಸು, ಕೈಯಲ್ಲಿ ಬೆತ್ತ. ಲೆಕ್ಕ ತಪ್ಪಿದ ಹುಡುಗರ ಅಂಗೈ ಬಾತುಕೊಳ್ಳುತ್ತಿತ್ತು. ಆದರೂ 1964ರಲ್ಲಿ ಖಂಡಪ್ಪನ ಪರವಾಗಿ ಬಾಯಿಬಿಟ್ಟ ಓದಿದ ಮನುಷ್ಯ ಅವನೊಬ್ಬನೇ.

ಖಂಡಪ್ಪ ನಮ್ಮ ಜೊತೆ ಬಬಲೇಶ್ವರ ದಾರಿಯ ಕಲ್ಲುಗಣಿಯಲ್ಲಿ ಬ್ರೇಕು ಹಿಡಿಯುತ್ತಿದ್ದವನು. ಗುಡ್ಡದ ಇಳಿಜಾರಿಗೆ ಎರಡು ಸಾಲು ಹಳಿ, ನೆತ್ತಿಯ ಮೇಲೊಂದು ದೊಡ್ಡ ಗಾಲಿ, ಅದರ ಮೇಲೆ ಹಾದ ಒಂದೇ ಉಕ್ಕಿನ ಹಗ್ಗ. ಒಂದು ತುದಿಗೆ ಕಲ್ಲು ತುಂಬಿದ ಮೂರು ಟ್ರಾಲಿ, ಇನ್ನೊಂದು ತುದಿಗೆ ಮೂರು ಖಾಲಿ. ತುಂಬಿದವು ಇಳಿಯುತ್ತ ಖಾಲಿಯವನ್ನು ಮೇಲೆಳೆಯುತ್ತಿದ್ದವು. ಎಂಜಿನ್ನಿಲ್ಲ, ಎತ್ತಿಲ್ಲ. ಗಾಲಿಗೆ ಒತ್ತುವ ಮರದ ಬ್ರೇಕು, ಅದರ ಮೇಲೆ ಖಂಡಪ್ಪನ ಮೈಭಾರ, ಅಷ್ಟೇ. ಕೆಳಗೆ ಉಂಡ ಕೂಲಿ ಹೆಂಗಸರು ಗುಡ್ಡ ಹತ್ತುವ ಬದಲು ಖಾಲಿ ಟ್ರಾಲಿಯಲ್ಲೇ ಕೂತು ಬರುವುದು ರೂಢಿ.

ಕಂತ್ರಾಟದಾರ ಗುರಲಿಂಗಪ್ಪನಿಗೆ ಅವಸರ. ಒಂದು ಮಧ್ಯಾಹ್ನ, ತುಂಬಿದ ನಾಲ್ಕನೆಯ ಟ್ರಾಲಿಗೂ ಚೈನು ಹಾಕಿರೆಂದ.

"ಬ್ರೇಕ್ ತಡಿಯೂದಿಲ್ರಿ ಸಾವಕಾರ್ರ," ಅಂದ ಖಂಡಪ್ಪ.

"ನಿಮ್ಮಪ್ಪ ಎಳೀತಾನೇನಲೇ? ತಾನ ಇಳೀತೈತಿ. ಬಿಡು."

ಬಿಟ್ಟ. ಅರ್ಧ ದಾರಿ ದಾಟುವಷ್ಟರಲ್ಲಿ ಬ್ರೇಕಿನ ಮರ ಹೊಗೆಯಾಡಿತು. ಹಗ್ಗ ಒಂದೇ, ಕೆಳಗೆ ಧಾವಿಸುವ ವೇಗವೇ ಮೇಲೇರುವ ಖಾಲಿ ಟ್ರಾಲಿಗೂ. ಅದರಲ್ಲಿ ಕೂತಿದ್ದ ಬೋರವ್ವ ಗಾಲಿ ನಿಲ್ಲಿಸಿದ್ದ ನೆತ್ತಿಯ ಕಂಬಕ್ಕೆ ಅಪ್ಪಳಿಸಿ ಸತ್ತಳು. ಸಂಜೆಯೊಳಗೆ ಗುರಲಿಂಗಪ್ಪನ ಫಿರ್ಯಾದಿ ಹೋಯಿತು: ಬ್ರೇಕಿನವನು ಕುಡಿದಿದ್ದ. ಖಂಡಪ್ಪನಿಗೆ ಜೈಲು ಖಾತ್ರಿ ಅನ್ನಿಸಿತು.

ನಾವು ಮಾಸ್ತರನ ಮನೆಗೆ ಹೋದೆವು. ಮೊದಲು ನಮ್ಮನ್ನೇ ಉಗಿದ. "ಮಂದಿ ಕುಂತದ್ದು ಕಾಣತಿದ್ದಿಲ್ಲೇನ್ರೋ, ಕ್ವಾಣಗೋಳ್ರ್ಯಾ!" ಆಮೇಲೆ ಟ್ರಾಲಿಯ ತೂಕ, ಕಲ್ಲಿನ ತೂಕ ಕೇಳಿದ. ಗುರಲಿಂಗಪ್ಪ ಅವನ ಸಾಲೆಯ ಕಮಿಟಿಯಲ್ಲೂ ಇದ್ದ. ಸಾಕ್ಷಿ ಹೇಳಿದರೆ ನೌಕರಿ ಹೋದೀತೆಂದು ಹೇಳಿ ಕಳಿಸಿದ. "ನೌಕರಿ ಹೋಗ್ಲಿ ಬಿಡ ಅತ್ಲಾಗ," ಅಂದ ಮಾಸ್ತರ.

ವಿಜಾಪುರದ ಸ್ಟೇಷನ್ ರಸ್ತೆಯ ಒಂದು ಕಚೇರಿಯಲ್ಲಿ ವಿಚಾರಣೆ. ಮಾಸ್ತರ ಸಾಲೆಯ ದನಿಯಲ್ಲೇ ಶುರುಮಾಡಿದ.

"ಖಾಲಿ ಟ್ರಾಲಿ ಒಂದು ಪಾಲು ಅನ್ರಿ, ತುಂಬಿದ್ದು ಮೂರು ಪಾಲು. ಇಳಿಯೂದ್ರಾಗ ಏರೂದು ಕಳೀರಿ, ಉಳಿದದ್ದು ಎಳೀತದ. ಮೂರಕ್ಕ ಮೂರು ಇದ್ದಾಗ ಆರು ಪಾಲು. ತುಂಬಿದ್ದು ನಾಕಾದ್ರ ಒಂಬತ್ತು. ಬ್ರೇಕ್ ಮದಲಿಂದ, ಖಂಡಪ್ಪನೂ ಮದಲಿನವನ. ಎಳತ ಒಂದೂವರಿ ಪಟ್ಟು. ಅವ ಕುಡದ್ರೂ ಅಷ್ಟ, ಕುಡೀದಿದ್ರೂ ಅಷ್ಟ."

ಗುರಲಿಂಗಪ್ಪನ ವಕೀಲ ಎದ್ದ. "ಸಾಲ್ಯಾಗ ಹಗ್ಗಕ್ಕ ತೂಕಿಲ್ಲಂತ ಕಲಸ್ತೀರಲ್ರಿ ಮಾಸ್ತರ? ಈ ಹಗ್ಗ ಹೊರಾಕ ಮಂದಿನ ಕರಸಬೇಕ್ರಿ!" ಎಲ್ಲರೂ ನಕ್ಕರು.

ಮಾಸ್ತರನ ಕಿವಿ ಕೆಂಪಾದವು. "ಹೌದ್ರಿ, ಹುಡುಗ್ರಿಗೆ ಹಗೂರ ಆಗ್ಲಂತ ಬಿಡ್ತೀನಿ. ಈಗ ತೂಕ ಸೇರಸ್ರಿ. ತುಂಬಿದ್ದು ಇಳದಂಗ ಆ ಕಡಿ ಹಗ್ಗ ಉದ್ದ ಆಗ್ತದ, ಈ ಕಡಿ ಗಿಡ್ಡ. ಅರ್ಧ ದಾರಿ ದಾಟಿದ ಮ್ಯಾಲ ಹಗ್ಗಾನೂ ಕೆಳಗ ಎಳೀತದ. ಒಂಬತ್ತಕ್ಕಿಂತ ಹೆಚ್ಚಾತು. ನಿಮ್ಮ ಸಾವಕಾರಗ ಅನುಕೂಲ ಆತೇನ್ರಿ?"

ನಗು ನಿಂತಿತು. ಖಂಡಪ್ಪನ ತಪ್ಪಿಲ್ಲವೆಂದು ವಿಚಾರಣೆ ನಡೆಸಿದ ಸಾಹೇಬ ಬರೆದ. ಅದರ ಕೆಳಗೆ, ಸಾವು ಆಕಸ್ಮಿಕ ಎಂದೂ ಬರೆದ.

"ಆಕಸ್ಮಿಕ ಬಂದು ಚೈನ್ ಹಾಕ್ತೇನ್ರಿ?" ಮಾಸ್ತರ ಚೀರಿದ. ಜವಾನರು ಅವನನ್ನು ಹೊರಗೆ ದಬ್ಬಿದರು. ತಿಂಗಳೊಳಗೆ ನೌಕರಿ ಹೋಯಿತು. ಇಟ್ಟಂಗಿಹಾಳದಲ್ಲಿ ತಮ್ಮನ ಹೊಲ ಮಾಡಿಕೊಂಡು, ಬೈಯುತ್ತಲೇ ಬದುಕಿ ಸತ್ತ.

ವಿಚಾರಣೆಯ ಮರುದಿನವೇ ಗುರಲಿಂಗಪ್ಪ ಎಲೆ ಅಗಿಯುತ್ತ ಗಣಿಗೆ ಬಂದು, ಮತ್ತೆ ನಾಲ್ಕು ಟ್ರಾಲಿ ಜೋಡಿಸಿರೆಂದ. ಖಂಡಪ್ಪ ಬ್ರೇಕಿನಿಂದ ಕೈ ತೆಗೆದ. ಬೋರವ್ವನ ಅಕ್ಕ ಮಲಕವ್ವ ಚೈನಿನ ಕೊಂಡಿ ಕಳಚಿ ಉಡಿಯಲ್ಲಿ ಹಾಕಿಕೊಂಡು ಹಳಿಯ ಮೇಲೆ ಕೂತಳು.

"ಹಾಕ್ತೇವಿ ಬಾರೋ. ಮದಲ ನೀ ಕುಂಡ್ರು, ಖಾಲಿ ಟ್ರಾಲ್ಯಾಗ."

ಅವನು ಕೂರಲಿಲ್ಲ. ನಾವೂ ಹಾಕಲಿಲ್ಲ.