ಪಾವ್ ಕಿಲೋ ಕಲ್ಲು ಎತ್ತಿದ ಸರ್ವೋಗಳು

ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಒಂದು ಕಡೆ ಅತ್ತೆಯ ಮೆಣಸಿನಕಾಯಿ ಒಣಗುತ್ತಿರುತ್ತವೆ, ಇನ್ನೊಂದು ಕಡೆ ನನ್ನ ಸರ್ವೋಗಳು ತೂಕದ ಕಲ್ಲು ಎತ್ತುತ್ತಿರುತ್ತವೆ. ಮೆಣಸಿನಕಾಯಿ ಯಾಕೆ ಒಣಗಿಸುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಸರ್ವೋ ಯಾಕೆ ಕಲ್ಲು ಎತ್ತುತ್ತವೆ ಎಂದು ಶಹಾಪುರದ ನಮ್ಮ ಓಣಿಯ ಎಲ್ಲರೂ ಒಂದಲ್ಲ ಒಂದು ಸಲ ಕೇಳಿದ್ದಾರೆ. ಎಲ್ಲರಿಗೂ ತಾಳ್ಮೆಯಿಂದ ಉತ್ತರ ಕೊಟ್ಟೆ ಎಂದು ಬರೆದರೆ ನನ್ನ ವಿದ್ಯಾರ್ಥಿಗಳು ನಕ್ಕುಬಿಟ್ಟಾರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗಂಡನದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಮಕ್ಕಳಿಗೆ ಗಾಳಿಯ ಒತ್ತಡದ ಪಾಠ ಮಾಡುವಾಗ ತೋರಿಸಲೆಂದು ಒಂದು ಥರ್ಮೋಕೋಲಿನ ಸಣ್ಣ ವಿಮಾನ ಮಾಡಿದೆ. ಪಾಠ ಮುಗಿಯಿತು, ವಿಮಾನದ ಹುಚ್ಚು ಮುಗಿಯಲಿಲ್ಲ. ಮೂರು ವರ್ಷಗಳಲ್ಲಿ ಮೂಗಿನ ಮೇಲೆ ಫ್ಯಾನು ತಿರುಗುವ ವಿಮಾನದಿಂದ ಜೆಟ್‌ಗೆ ಬಂದು ನಿಂತೆ. ಜೆಟ್ ಎಂದರೆ ನಿಜವಾದದ್ದಲ್ಲ. ನನ್ನ ತೋಳುದ್ದದ ಫೋಮಿನ ವಿಮಾನ, ಹೊಟ್ಟೆಯೊಳಗೆ ಚೀರುವ ಸಣ್ಣ ಫ್ಯಾನು, ಕೈಯಲ್ಲಿ ಅದನ್ನು ನಡೆಸುವ ರಿಮೋಟು. ಆದರೆ ಅದರ ವೇಗ ಆಟಿಕೆಯದಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಹೊಲ ದಾಟಿರುತ್ತದೆ.

ಇಂಥ ವಿಮಾನದಲ್ಲಿ ರೆಕ್ಕೆಯ ಅಂಚು, ಬಾಲದ ಅಂಚು ಅಲ್ಲಾಡಿಸುವುದೇ ಸರ್ವೋ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಒಳಗೆ ಪುಟ್ಟ ಮೋಟಾರು, ನಾಲ್ಕೈದು ಹಲ್ಲುಗಾಲಿ. ರಿಮೋಟಿನ ಕಡ್ಡಿ ಎಷ್ಟು ಸರಿಸಿದರೆ ಅದರ ತೋಳು ಅಷ್ಟು ತಿರುಗಬೇಕು, ಬಿಟ್ಟರೆ ಮೊದಲಿನ ಜಾಗಕ್ಕೇ ಮರಳಬೇಕು. ದುಬಾರಿ ಸರ್ವೋದಲ್ಲಿ ಹಲ್ಲುಗಾಲಿಗಳು ಲೋಹದವು, ಅಗ್ಗದ್ದರಲ್ಲಿ ಪ್ಲಾಸ್ಟಿಕ್ಕಿನವು. ಜೆಟ್‌ಗೆ ಅಗ್ಗದ ಸರ್ವೋ ಹಾಕಬಾರದು ಎಂದು ತಿಳಿದವರೆಲ್ಲ ಹೇಳುತ್ತಾರೆ. ಒಂದು ದುಬಾರಿಯ ಬೆಲೆಗೆ ಹತ್ತು ಅಗ್ಗದವು ಬರುತ್ತವೆ ಎಂದು ನಾನು ಹೇಳುತ್ತಿದ್ದೆ.

ಸುರಪುರ ರಸ್ತೆಯ ಬದಿಗೆ ಸೈಟು ಬಿದ್ದು ಮನೆಗಳೇಳದ ಒಂದು ಲೇಔಟ್ ಇದೆ. ಅದರ ಡಾಂಬರು ರಸ್ತೆಯೇ ನಮ್ಮ ರನ್‌ವೇ. ಯಾದಗಿರಿ, ಶಹಾಪುರ, ಸುರಪುರ ಸೇರಿ ನಾವು ಐದು ಮಂದಿ ವಿಮಾನ ಹಾರಿಸುವವರು, ಹೆಂಗಸು ನಾನೊಬ್ಬಳೇ. ನಮ್ಮಲ್ಲಿ ಹಿರಿಯರು ಸುರಪುರದ ಒಬ್ಬರು. ಮಿಲಿಟರಿಯಲ್ಲಿ ವರ್ಷಗಟ್ಟಲೆ ನಿಜವಾದ ವಿಮಾನಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಲೇಔಟಿನ ಮಾಲೀಕರು ಜಾಗ ಕೊಟ್ಟದ್ದು ಕಾಕಾನ ಮುಖ ನೋಡಿ, ಆದ್ದರಿಂದ ಅಲ್ಲಿ ಕಾಕಾ ಹೇಳಿದ್ದೇ ಮಾತು.

ನನ್ನ ಮೊದಲ ಜೆಟ್ಟಿನ ಮೊದಲ ಹಾರಾಟ ಏಪ್ರಿಲ್ ರಜೆಯ ಒಂದು ಶುಕ್ರವಾರ ನಡೆಯಿತು. ಗಾಢ ನೀಲಿ ಬಣ್ಣ ಬಳಿದು, ನೋಡಿದವರ ಕಣ್ಣು ತಾಗುವಂತೆ ಮಾಡಿದ್ದೆ. ಲೇಔಟಿನಲ್ಲಿ ಇನ್ನೇನು ಏರಿಸಬೇಕು ಎನ್ನುವ ಹೊತ್ತಿಗೆ ಅತ್ತೆ ಆರತಿ ತಟ್ಟೆ ಹಿಡಿದುಕೊಂಡು ಆಟೋದಲ್ಲಿ ಬಂದಿಳಿದರು. ಹೊಸ ಗಾಡಿಗೆ ಪೂಜೆಯಿಲ್ಲದೆ ನಮ್ಮ ಮನೆಯಲ್ಲಿ ಸೈಕಲ್ಲೂ ಹೊರಬಿದ್ದಿಲ್ಲ. ವಿಭೂತಿ ಹಚ್ಚಿದರು, ಕುಂಕುಮ ಇಟ್ಟರು, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಾಯಿತು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ಆಮೇಲೆ ಗಡಿಯಾರ ನೋಡಿ ಅವರ ನಗು ನಿಂತಿತು.

"ಹತ್ತೂವರಿ ಆತು. ರಾಹುಕಾಲ ಹತ್ತಿತು. ಹನ್ನೆರಡರ ತನಕ ಎಬ್ಬಸಬ್ಯಾಡ."

"ನೆಳ್ಳಿಗಾದ್ರೂ ಇಡ್ತೀನಿ ತಡೀರಿ ಅತ್ತಿ," ಎಂದು ಜೆಟ್ಟಿಗೆ ಕೈ ಹಾಕಿದೆ.

"ಪೂಜಿ ಆದಮ್ಯಾಲೆ ಜಾಗಾ ಕದಲಸಬಾರ್ದವ್ವ. ಹೋದ್ರ ಮುಂದಕ್ಕ ಹೋಗಬೇಕು."

ರಾಹುಕಾಲದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಸೊಸೆಯ ಆಟಕ್ಕೆ ಬಿಸಿಲಿನಲ್ಲಿ ಆರತಿ ಹಿಡಿದು ಬರುವ ಅತ್ತೆ ಎಷ್ಟು ಮಂದಿಗಿದ್ದಾರೆ? ಸುಮ್ಮನಾದೆ. ನಾವೆಲ್ಲ ಬೇವಿನ ಮರದ ಕೆಳಗೆ ಕೂತು ಒಗ್ಗರಣೆ ಹಾಕಿದ ಮಂಡಾಳ ತಿಂದೆವು. ಕಡುನೀಲಿ ಜೆಟ್ಟು ಒಂದೂವರೆ ತಾಸು ಡಾಂಬರಿನ ಮೇಲೆ ಒಂದೇ ಕೂತಿತ್ತು. ಹನ್ನೆರಡು ಹೊಡೆದ ಮೇಲೆ ಬ್ಯಾಟರಿ ಹಾಕಿ ಎಲ್ಲ ಅಲ್ಲಾಡಿಸಿ ನೋಡಿದೆ, ಸರಿಯಾಗಿತ್ತು. ಓಡಿಸಿದೆ, ಏರಿತು. ಮೊದಲ ತಿರುವಿನಲ್ಲಿ ಮೂಗು ಎತ್ತಲೆಂದು ಕಡ್ಡಿ ಎಳೆದರೆ ಮೂಗು ಏಳಲೇ ಇಲ್ಲ. ನೆಟ್ಟಗೆ ಹೋಗಿ ಪಕ್ಕದ ಉತ್ತ ಹೊಲಕ್ಕೆ ಬಡಿಯಿತು. ರೆಕ್ಕೆಯ ತುಂಡೊಂದು ಸಿಡಿದು ಬಂದು ಕಾಕಾನ ಮೋಟಾರ್‌ಸೈಕಲ್ಲಿನ ಹತ್ತಿರ ಬಿತ್ತು.

ಕಾಕಾ ಅದನ್ನು ಎತ್ತಿಕೊಂಡು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈಯಬಹುದಿತ್ತು.

"ತಂಗಿ, ಇದು ಮನಷ್ಯಾರಿಗಿ ಬಡದಿದ್ರ? ಅಗ್ಗದ ಸಾಮಾನ ಜೆಟ್ಟಿನಾಗ ನಡೆಂಗಿಲ್ಲ. ಇವತ್ತಿನಿಂದ ಈ ಜಾಗಾದಾಗ ಪ್ಲಾಸ್ಟಿಕ್ ಸರ್ವೋದ ಜೆಟ್ ಬಂದ್."

ಉಳಿದ ಮೂವರೂ ತಲೆ ಅಲ್ಲಾಡಿಸಿದರು. ಇಡೀ ಗುಂಪಿನಲ್ಲಿ ಪ್ಲಾಸ್ಟಿಕ್ ಸರ್ವೋದ ಜೆಟ್ ಇದ್ದದ್ದು ನನ್ನ ಹತ್ತಿರ ಮಾತ್ರ. ನಮ್ಮ ಸುತ್ತಮುತ್ತ ಜೆಟ್ ಏರಿಸಿ ಇಳಿಸಲು ಬೇರೆ ರಸ್ತೆ ಇರಲಿಲ್ಲ. ಆ ಒಂದು ಮಾತಿನಿಂದ ನನ್ನ ಜೆಟ್ಟಿನ ಬಾಗಿಲು ಮುಚ್ಚಿತು. ಸ್ಕೂಟಿಯ ಮೇಲೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ ನನ್ನ ಬೆನ್ನು ಸವರುತ್ತಿದ್ದರು. ನನಗೆ ಅಳು ಬಂದಿತ್ತು.

ಮಾರನೆಯ ದಿನ ಮುರಿದ ಬಾಲ ಬಿಚ್ಚಿದೆ. ಸರ್ವೋದ ಹಲ್ಲು ಒಂದೂ ಮುರಿದಿರಲಿಲ್ಲ. ತೋಳು ಹೇಳಿದಷ್ಟು ತಿರುಗಿ, ಹೇಳಿದ ಜಾಗಕ್ಕೇ ಮರಳಿತು. ಹಾಗಾದರೆ ಆದದ್ದೇನು? ಅದನ್ನು ಫೋಮಿಗೆ ಕೂಡಿಸಿದ್ದ ಅಂಟನ್ನು ನೋಡಿದೆ. ಜನವರಿಯ ಚಳಿಯಲ್ಲಿ ಕಾಯಿಸಿ ಹಾಕುವ ಅಂಟುಕಡ್ಡಿಯಿಂದ ಅಂಟಿಸಿದ್ದೆ. ಬಾಲದ ತುಂಡನ್ನು ಮಾಳಿಗೆಯ ಮೇಲೆ ಮೆಣಸಿನಕಾಯಿಯ ಪಕ್ಕ ಇಟ್ಟು ಬಂದೆ. ಒಂದೂವರೆ ತಾಸಿನ ಮೇಲೆ ಹೋಗಿ ಬೆರಳಿನಿಂದ ಒತ್ತಿದರೆ ಸರ್ವೋ ಬೆಲ್ಲದ ಪಾಕದಲ್ಲಿ ಕೂತ ಹಾಗೆ ಸರಿದಾಡಿತು. ನೆಲದ ಮೇಲೆ ಗಾಳಿಯ ಒತ್ತಡ ಇಲ್ಲದ್ದರಿಂದ ಬಾಲ ಸರಿಯಾಗಿ ಅಲ್ಲಾಡಿತ್ತು. ಮೇಲೆ ಒತ್ತಡ ಬಿದ್ದಾಗ ಬಾಲ ತಿರುಗುವ ಬದಲು ಸರ್ವೋವೇ ತಿರುಗಿತ್ತು.

ಅಂಟು ಕರಗಿದ್ದು ಬಿಸಿಲಿಗೆ. ಬಿಸಿಲಿಗಿಟ್ಟದ್ದು ರಾಹುಕಾಲಕ್ಕೆ. ಶಾಖಕ್ಕೆ ಯಾವುದು ಮೆತ್ತಗಾಗುತ್ತದೆ, ಯಾವ ಬಣ್ಣ ಹೆಚ್ಚು ಬಿಸಿ ಹೀರುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು! ಆ ಸಿಟ್ಟೆಲ್ಲ ನನ್ನ ಮೇಲೆಯೇ ಬಂತು. ಅತ್ತೆಯ ಮುಂದೆ ಬಾಯಿ ಬಿಡಲಿಲ್ಲ. ತಮ್ಮ ಪೂಜೆಯಿಂದ ಹೀಗಾಯಿತು ಎಂದು ತಿಳಿದರೆ ಅವರು ಊಟ ಬಿಡುತ್ತಿದ್ದರು. ಕಾಕಾಗೆ ಫೋನ್ ಮಾಡಿ, ತಪ್ಪು ಅಂಟಿನದು, ಅಂಟಿಸಿದ ನನ್ನದು ಎಂದಷ್ಟೇ ಹೇಳಿದೆ. ಅವರು ಹೂಂ ಎಂದರು. ನಂಬಿದ ಹೂಂ ಅದಲ್ಲ.

ಆಗ ಹಟ ಹಿಡಿಯಿತು. ಅಗ್ಗದ ಸರ್ವೋ ಒಳ್ಳೆಯದು ಎಂದು ಸಾಧಿಸಲು ಹೊರಟವಳಲ್ಲ ನಾನು. ಅದು ಎಲ್ಲಿ ಕೈಕೊಡುತ್ತದೆ ಎಂದು ಯಾರಿಗಿಂತಲೂ ಚೆನ್ನಾಗಿ ತಿಳಿದುಕೊಳ್ಳಬೇಕು ಎನಿಸಿತು. ಇಪ್ಪತ್ತು ಸರ್ವೋ ತರಿಸಿದೆ. ಅತ್ತೆ ಹಿಂದೆ ನಡೆಸುತ್ತಿದ್ದ ಕಿರಾಣಿ ಅಂಗಡಿಯ ಕಬ್ಬಿಣದ ತೂಕದ ಕಲ್ಲುಗಳು ಅಟ್ಟದ ಮೇಲಿದ್ದವು. ಒಂದೊಂದು ಸರ್ವೋದ ತೋಳಿಗೂ ಪಾವ್ ಕಿಲೋ, ಎಂದರೆ ಇನ್ನೂರೈವತ್ತು ಗ್ರಾಮಿನ ಕಲ್ಲು ಕಟ್ಟಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಎರಡು ತಾಸು ಎತ್ತಿಸಿ ಇಳಿಸಿದೆ. ಹಿಂದೆ ರಟ್ಟು ನಿಲ್ಲಿಸಿ, ತೋಳು ಮೊದಲು ನಿಂತ ಜಾಗಕ್ಕೆ ಪೆನ್ಸಿಲಿನ ಗೆರೆ ಎಳೆದಿದ್ದೆ. ಕೊನೆಗೆ ಅದೇ ಗೆರೆಯ ಮೇಲೆ ಬಂದು ನಿಂತರೆ ಪಾಸು. ಕೂದಲೆಳೆಯಷ್ಟು ತಪ್ಪಿದರೂ ಫೇಲು, ಶಾಲೆಯ ಲ್ಯಾಬಿನ ಡಬ್ಬಿಗೆ.

ಗಂಡ ಅಂಗಡಿಯಿಂದ ಊಟಕ್ಕೆ ಬಂದವನು ಮಾಳಿಗೆ ಹತ್ತಿ ನೋಡಿ, "ಪರೀಕ್ಷಾ ಬರಿಯೋ ಹುಡುಗ್ರಿಗಿಂತ ಇವುಕ್ಕ ಭಾಳ ತ್ರಾಸ ಕೊಡಾಕತ್ತಿ ನೋಡು," ಎಂದ.

"ಹುಡುಗ್ರು ಫೇಲಾದ್ರ ಮತ್ತ ಬರೀತಾವ್ರಿ. ಇವು ಫೇಲಾದ್ರ ಕೆಳಗ ಬೀಳ್ತಾವ."

ಅವನು ನಗುತ್ತಲೇ ಕೂತು ರಟ್ಟುಗಳಿಗೆ ಗೆರೆ ಹಾಕಿಕೊಟ್ಟ. ಇಪ್ಪತ್ತರಲ್ಲಿ ಪಾಸಾದವು ಏಳು. ಪಾಸಾದವುಗಳ ಮೇಲೂ ನನಗೆ ಪೂರ್ತಿ ಭರವಸೆ ಇರಲಿಲ್ಲ. ಆದ್ದರಿಂದ ಹೊಸ ಜೆಟ್ಟಿನ ಬಾಲವನ್ನು ಎಡ, ಬಲ ಎಂದು ಎರಡಾಗಿ ಮಾಡಿ, ಎರಡಕ್ಕೂ ಬೇರೆ ಬೇರೆ ಸರ್ವೋ ಕೂಡಿಸಿದೆ. ಒಂದು ಸತ್ತರೆ ಇನ್ನೊಂದು ಇರಬೇಕು. ಅಂಟಿನ ಬದಲು ಪ್ಲೈವುಡ್ಡು, ಸ್ಕ್ರೂ. ಬಣ್ಣ ಬಿಳಿ. ಅಷ್ಟಕ್ಕೇ ಬಿಡದೆ, ನನ್ನ ಹಳೆಯ ನಿಧಾನದ ವಿಮಾನದ ಬಾಲವನ್ನೂ ಹಾಗೇ ಸೀಳಿ, ಒಂದು ಕಡೆಯ ವೈರು ಕಿತ್ತು, ಶಾಲೆಯ ಬಯಲಿನಲ್ಲಿ ಅರ್ಧ ಬಾಲದಿಂದಲೇ ಇಳಿಸುವುದನ್ನು ಕಲಿತೆ. ಮೂಗು ಎತ್ತಿದರೆ ವಿಮಾನ ಒಂದು ಮಗ್ಗುಲಿಗೆ ಹೊರಳುತ್ತದೆ, ಅದನ್ನು ರೆಕ್ಕೆಯಿಂದ ತಡೆಯಬೇಕು. ಹತ್ತಾರು ಸಲ ಬಿತ್ತು. ಆಮೇಲೆ ಬೀಳಲಿಲ್ಲ.

ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಜೆಟ್ ಹಿಡಿದುಕೊಂಡು ಲೇಔಟಿಗೆ ಹೋದೆ. ರಟ್ಟುಗಳನ್ನೂ ಕಲ್ಲುಗಳನ್ನೂ ಒಯ್ದಿದ್ದೆ. ಎಲ್ಲವನ್ನೂ ಕಾಕಾನ ಮುಂದೆ ಹರವಿ, "ಒಂದ ಸಲ ಹಾರಸಾಕ ಬಿಡ್ರಿ. ಬಿದ್ರ ಮತ್ತ ಜೆಟ್ಟಿನ ಸುದ್ದಿ ತೆಗಿಯಂಗಿಲ್ಲ," ಎಂದೆ. ಕಾಕಾ ಗೆರೆಗಳನ್ನು ಕನ್ನಡಕ ಏರಿಸಿ ನೋಡಿದರು. ತಾವೇ ಒಂದು ಸರ್ವೋಗೆ ಕಲ್ಲು ಕಟ್ಟಿ ನೋಡಿದರು. ಉಳಿದವರನ್ನು ದೂರ ಸರಿಸಿ ನಿಲ್ಲಿಸಿದರು.

"ಒಂದ ಸಲ," ಎಂದರು.

ಜೆಟ್ ಏರಿತು. ಬಿಸಿಲಿಗೆ ಬಿಳಿಯಾಗಿ ಹೊಳೆಯುತ್ತ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಕಡೆಗೆ ಹೋಯಿತು. ಬುದ್ಧನ ಮೂಗಿನ ನೇರಕ್ಕೆ ತಿರುಗಿಸಿ ತಂದೆ. ಎರಡನೇ ಸುತ್ತು, ಮೂರನೇ ಸುತ್ತು. ನನಗೆ ಒಳಗೊಳಗೇ ಹಬ್ಬ. ನಾಲ್ಕನೇ ಸುತ್ತಿನಲ್ಲಿ ಜೋರಾಗಿ ಕೆಳಗೆ ತಂದು ಮೇಲೆಳೆದೆ. ಎಳೆದ ಕೂಡಲೇ ಜೆಟ್ ಎಡಕ್ಕೆ ಹೊರಳಿತು. ಎಡಬಾಲ ಮಾತ್ರ ಕೆಲಸ ಮಾಡುತ್ತಿತ್ತು, ಬಲದ್ದು ಸತ್ತಿತ್ತು.

"ಹೋತು, ಹೋತು!" ಎಂದು ಯಾರೋ ಕೂಗಿದರು.

ನನಗೆ ಅದು ಗುರುತಿನ ಹೊರಳಾಟ. ಶಾಲೆಯ ಬಯಲಿನಲ್ಲಿ ಎಷ್ಟು ಸಲ ನೋಡಿಲ್ಲ! ಫ್ಯಾನ್ ಇಳಿಸಿ ವೇಗ ತಗ್ಗಿಸಿದೆ. ರೆಕ್ಕೆಯಿಂದ ಹೊರಳುವುದನ್ನು ತಡೆದು, ಮೂಗನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ ದೊಡ್ಡದೊಂದು ತಿರುವು ಹಾಕಿಸಿದೆ. ರಸ್ತೆಯ ನೇರಕ್ಕೆ ಬಂತು. ಮೊದಲು ಎಡಚಕ್ರ ತಾಗಿತು, ಆಮೇಲೆ ಬಲ, ಆಮೇಲೆ ಮುಂದಿನದು. ಓಡುತ್ತ ಬಂದು ಕಾಕಾನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಒಂದು ಗೀರೂ ಬಿದ್ದಿರಲಿಲ್ಲ.

ಕಾಕಾ ಮೊಣಕಾಲೂರಿ ಕೂತು ಬಾಲದ ಸ್ಕ್ರೂ ಬಿಚ್ಚಿದರು. ಬಲಗಡೆಯ ಸರ್ವೋದ ತೋಳು ಹಿಡಿದು ತಿರುವಿದರೆ ಅದು ಸಡಿಲಾಗಿ ಸುತ್ತಿತು.

"ಹಲ್ಲು ಉದುರ್ಯಾವ ತಂಗಿ. ನಾ ಹೇಳಿದ್ನಲ್ಲ, ಅಗ್ಗದ್ದು ಮುರೀತದಂತ."

"ಹೌದ್ರಿ ಕಾಕಾ, ಮುರಿದದ. ಯಾವತ್ತರೆ ಮುರೀತದಂತ ನನಗೂ ಗೊತ್ತಿತ್ತು. ಅದಕ್ಕ ಎರಡು ಹಾಕೀನಿ, ಒಂದರ ಮ್ಯಾಲ ಇಳಸೋದು ಕಲ್ತೀನಿ."

ಅಷ್ಟು ಹೇಳುವಾಗ ನನ್ನ ದನಿ ಏರಿತ್ತು. ಹಮ್ಮು ಎನ್ನುವವರು ಹಮ್ಮು ಎನ್ನಲಿ. ಏಳು ತಿಂಗಳು ಆ ಮಾತಿಗಾಗಿ ಕಾದಿದ್ದೆ.

ಕಾಕಾ ಎದ್ದು ತಮ್ಮ ಜೆಟ್ಟಿನ ಹತ್ತಿರ ಹೋದರು. ನಮ್ಮಲ್ಲೇ ದೊಡ್ಡ ಜೆಟ್ ಅದು. ಒಳಗೆಲ್ಲ ಲೋಹದ ಹಲ್ಲಿನ ಸರ್ವೋಗಳು. ಅದನ್ನು ಮಗುಚಿ ಹಾಕಿ, ಬಾಲದ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ನಂದರಾಗ ಬಾಲಕ್ಕ ಒಂದ ಅದ," ಎಂದರು. "ಇನ್ನ ಮ್ಯಾಲ ಈ ರಸ್ತಿ ಮ್ಯಾಲ ಬಾಲಕ್ಕ ಒಂದ ಸರ್ವೋ ಇರೋ ಜೆಟ್ ಬಂದ್. ಇವತ್ತ ನಂದು ಹಾರಂಗಿಲ್ಲ."

ಮುಚ್ಚಳ ಹಾಕಿ, ತಮ್ಮ ಜೆಟ್ಟನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ನನ್ನ ಹತ್ತಿರ ಬಂದು, ಹೋದ ಸರ್ವೋದ ಜಾಗಕ್ಕೆ ಹಾಕಲು ಇನ್ನೊಂದು ತಂದಿದ್ದೇನೆಯೇ ಎಂದು ಕೇಳಿದರು. ತಂದಿದ್ದೆ. ಸ್ಕ್ರೂ ಡ್ರೈವರ್ ಅವರೇ ಹಿಡಿದರು.